ಬಂಡೆ, ಮರಳು, ಹವಳ: ಕ್ರಾಬಿಯ ಕಡಲನ್ನು ನೋಡುವ ಬಗೆ

(ಪ್ರವಾಸದಲ್ಲಿ ಆಸಕ್ತಿ ಇರುವವರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಫೋನಿನಲ್ಲಿ ಥಾಯ್ಲೆಂಡಿನ ಕ್ರಾಬಿ ಎಂದು ಹುಡುಕಿ ನೋಡಿ. ಬರುವ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಿಂದೆ ನೆಟ್ಟಗೆ ನಿಂತ ಬಂಡೆ, ಮುಂದೆ ಬಿಳಿ ಮರಳು, ತಿಳಿಹಸಿರು ನೀರಿನಲ್ಲಿ ಮೂತಿ ಎತ್ತಿದ ಮರದ ದೋಣಿ. ನೀರಿನೊಳಗೆ ತೆಗೆದ ಫೋಟೊ ಆದರೆ ಹವಳ, ಅದರ ಸುತ್ತ ಬಣ್ಣದ ಮೀನು. ಟೂರ್ ಮಾರುವವರು ಇವನ್ನು ಬೇರೆ ಬೇರೆ ಐಟಂ ಮಾಡಿ ಕೊಡುತ್ತಾರೆ. ಒಂದು ದಿನ ಬಂಡೆ ಹತ್ತುವುದು, ಒಂದು ದಿನ ಬೀಚು, ಇನ್ನೊಂದು ದಿನ ಸ್ನಾರ್ಕೆಲಿಂಗ್, ಅಂದರೆ ಬಾಯಿಗೆ ಕೊಳವೆ ಸಿಕ್ಕಿಸಿಕೊಂಡು ತೇಲುತ್ತಾ ನೀರಿನೊಳಗೆ ನೋಡುವುದು. ನಾನು ಇವತ್ತು ಹೇಳಬೇಕೆಂದುಕೊಂಡಿರುವುದು ಇದಕ್ಕೆ ಉಲ್ಟಾ. ಬಂಡೆ, ಮರಳು, ಹವಳ ಮೂರೂ ಒಂದೇ ವಸ್ತು. ಮೂರೂ ಸುಣ್ಣ. ಕಡಲಿನ ಸಣ್ಣ ಸಣ್ಣ ಜೀವಿಗಳು ನೀರಿನಿಂದ ಹೀರಿ ಕಟ್ಟಿದ ಸುಣ್ಣ. ಹವಳ ಎಂದರೆ ಈಗ ಕಟ್ಟುತ್ತಿರುವುದು, ಮರಳು ಎಂದರೆ ಒಡೆದು ಪುಡಿಯಾದದ್ದು, ಬಂಡೆ ಎಂದರೆ ಯಾವ ಕಾಲದಲ್ಲೋ ಕಟ್ಟಿ ಗಟ್ಟಿಯಾದದ್ದು. ಇದೊಂದು ತಲೆಯಲ್ಲಿದ್ದರೆ ಆ ಊರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಯಾವಾಗ ಹೋಗಬೇಕು, ಎಲ್ಲಿ ಕಾಲಿಡಬೇಕು, ಎಲ್ಲಿ ಇಡಬಾರದು ಎಂಬುದೂ ಬಹುಮಟ್ಟಿಗೆ ಅದರಿಂದಲೇ ಗೊತ್ತಾಗುತ್ತದೆ.

ಕ್ರಾಬಿ ಇರುವುದು ಥಾಯ್ಲೆಂಡಿನ ದಕ್ಷಿಣ ಭಾಗದಲ್ಲಿ, ಅಂಡಮಾನ್ ಸಮುದ್ರದ ದಡದಲ್ಲಿ. ಸಮಭಾಜಕ ವೃತ್ತದಿಂದ ಎಂಟು ಡಿಗ್ರಿ ಮೇಲೆ. ಪಶ್ಚಿಮಕ್ಕೆ ಫುಕೆಟ್, ನಡುವೆ ಫಾಂಗ್ ನ್ಗಾ ಕೊಲ್ಲಿ. ಈ ಕೊಲ್ಲಿಯಿಂದ ಕ್ರಾಬಿಯ ದಡದವರೆಗೆ ನೀರಿನಲ್ಲಿ ಅಲ್ಲಲ್ಲಿ ಕಂಬದಂತೆ ಎದ್ದು ನಿಂತ ಬಂಡೆಗಳಿವೆ. ಮೊದಲ ಸಲ ನೋಡಿದವರು ಇವು ಕಡಲಿನಿಂದ ಮೇಲೆದ್ದು ಬಂದವು ಎಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಕಡಲೇ ಇವುಗಳ ಬುಡಕ್ಕೆ ಬಂದದ್ದು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗ ಜೋರಾಗಿದ್ದಾಗ, ಸಮುದ್ರದ ಮಟ್ಟ ಈಗಿನದಕ್ಕಿಂತ ಹತ್ತಿರ ಹತ್ತಿರ 120 ಮೀಟರ್ ಕೆಳಗಿತ್ತು. ಆಗ ಈ ಕೊಲ್ಲಿ ಬಯಲು. ಈಗಿನ ದ್ವೀಪಗಳೆಲ್ಲ ಆ ಬಯಲಿನ ನಡುವಿನ ಗುಡ್ಡಗಳು. ಹಿಮ ಕರಗಿತು, ನೀರು ಏರಿತು, ಗುಡ್ಡಗಳ ತಲೆ ಮಾತ್ರ ಮೇಲೆ ಉಳಿಯಿತು.

ಆ ಕಾಲಕ್ಕಿಂತ ಮೊದಲೇ ಅಲ್ಲಿ ಜನರಿದ್ದರು ಎನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಕ್ರಾಬಿ ಪಟ್ಟಣದಿಂದ ಒಳನಾಡಿನ ಕಡೆಗೆ ಲಾಂಗ್ ರೋಂಗ್ರಿಯೆನ್ ಎಂಬ ಕಲ್ಲಾಸರೆ ಇದೆ. 1980ರ ದಶಕದಲ್ಲಿ ಅಮೆರಿಕದ ಪುರಾತತ್ವಜ್ಞ ಡಗ್ಲಸ್ ಆಂಡರ್ಸನ್ ಅಲ್ಲಿ ಅಗೆದು ನೋಡಿದರು. ಸಿಕ್ಕ ಕಲ್ಲಿನ ಆಯುಧಗಳು ಮೂವತ್ತು ಸಾವಿರ ವರ್ಷಕ್ಕೂ ಹಳೆಯವು. ಅಂದರೆ ಆ ಬಂಡೆಯ ನೆರಳಿನಲ್ಲಿ ಕೂತಿದ್ದವರಿಗೆ ಕಡಲು ಈಗಿನಷ್ಟು ಹತ್ತಿರ ಇರಲಿಲ್ಲ. ಬೀಚಿನ ಊರು ಎಂದು ನಾವು ಹೆಸರಿಟ್ಟುಕೊಂಡಿರುವ ಜಾಗದಲ್ಲಿ ಮನುಷ್ಯರು ಬೀಚೇ ಇಲ್ಲದೆ ಎಷ್ಟೋ ಸಾವಿರ ವರ್ಷ ಬದುಕಿದ್ದಾರೆ.

ಇನ್ನು ಬಂಡೆಯ ವಯಸ್ಸು. ಇದನ್ನು ಭೂವಿಜ್ಞಾನಿಗಳು ರಾಟ್ಬುರಿ ಸುಣ್ಣಕಲ್ಲು ಎನ್ನುತ್ತಾರೆ. ಪರ್ಮಿಯನ್ ಕಾಲದ್ದು, 25 ಕೋಟಿ ವರ್ಷಕ್ಕೂ ಹಿಂದಿನದು. ಡೈನೋಸಾರ್‌ಗಳೂ ಇನ್ನೂ ಬಂದಿರಲಿಲ್ಲ. ಆಗ ಈ ನೆಲದ ತುಂಡು ದಕ್ಷಿಣದ ಗೊಂಡ್ವಾನ ಖಂಡದಿಂದ ಬಿಡಿಸಿಕೊಂಡು ನಿಧಾನವಾಗಿ ಉತ್ತರಕ್ಕೆ ಸಾಗುತ್ತಿತ್ತು. ಅದರ ಮೇಲೆ ಬೆಚ್ಚಗಿನ, ಆಳವಿಲ್ಲದ ಸಮುದ್ರ. ಆ ನೀರಿನಲ್ಲಿ ಹವಳ, ಚಿಪ್ಪಿನ ಜೀವಿಗಳು, ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಕವಚದ ಜೀವಿಗಳು ಹುಟ್ಟಿ ಸತ್ತು, ಅವುಗಳ ಸುಣ್ಣ ತಳದಲ್ಲಿ ಪದರ ಪದರವಾಗಿ ಕೂತಿತು. ಮೇಲಿನ ಭಾರಕ್ಕೆ ಒತ್ತಿ ಕಲ್ಲಾಯಿತು. ಮುಂದೆ ಭೂಮಿ ಮಡಿಸಿ ಮೇಲಕ್ಕೆ ಎತ್ತಿತು. ಈಗ ನೀವು ಕ್ರಾಬಿಯ ರೈಲೇ ಎಂಬ ಬೀಚಿನ ಜಾಗದಲ್ಲಿ ತಲೆ ಎತ್ತಿ ನೋಡುವ ನೂರು ಮೀಟರಿಗೂ ಎತ್ತರದ ಗೋಡೆ ಒಂದು ಕಾಲದ ಸಮುದ್ರದ ತಳ.

ಸುಣ್ಣಕಲ್ಲಿಗೆ ಒಂದು ದೌರ್ಬಲ್ಯ ಇದೆ. ಹುಳಿಗೆ ಕರಗುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಬಿರುಕಿನಲ್ಲಿ ಇಳಿದು ಕಲ್ಲನ್ನು ಕರಗಿಸುತ್ತದೆ. ಮಳೆ ಜಾಸ್ತಿ, ಬಿಸಿಲೂ ಜಾಸ್ತಿ, ಕಾಡೂ ದಟ್ಟ. ಹಾಗಾಗಿ ಈ ಕೆಲಸ ಅಲ್ಲಿ ಬಿರುಸಾಗಿ ನಡೆಯುತ್ತದೆ. ಗುಡ್ಡದೊಳಗೆ ಗುಹೆ ಆಗುತ್ತದೆ, ಗುಹೆಯ ಚಾವಣಿ ಕುಸಿಯುತ್ತದೆ, ಗೋಡೆ ಮಾತ್ರ ಉಳಿಯುತ್ತದೆ. ಕೊ ಹಾಂಗ್ ದ್ವೀಪದಲ್ಲಿ ಹೀಗೇ ಆಗಿದೆ. ಸುತ್ತ ಬಂಡೆ, ಒಳಗೆ ಕೊಳದಂತೆ ಕಡಲು, ಒಂದು ಕಿರಿದಾದ ಬಾಯಿಯಿಂದ ದೋಣಿ ಒಳಗೆ ಹೋಗಬೇಕು. ಕರಗಿದ ಸುಣ್ಣ ಎಲ್ಲಿ ಹೋಯಿತು ಅಂದರೆ, ಸ್ವಲ್ಪ ಅಲ್ಲೇ ನೇತಾಡುತ್ತಿರುತ್ತದೆ. ಗುಹೆಯೊಳಗೆ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೋಲುಗಳನ್ನು ಎಲ್ಲರೂ ನೋಡಿರುತ್ತೀರಿ. ಕ್ರಾಬಿಯಲ್ಲಿ ಅವು ಗುಹೆಯ ಹೊರಗೆ, ಬಯಲಿನಲ್ಲಿ, ಬಂಡೆಯ ಮುಖದ ಮೇಲೇ ನೇತಾಡುತ್ತವೆ. ಬಂಡೆ ಹತ್ತುವವರು ಅವನ್ನು ತಬ್ಬಿ ಹಿಡಿದು ಮೇಲೇರುತ್ತಾರೆ.

ಬಂಡೆಯ ಬುಡವನ್ನು ನೋಡುವುದನ್ನು ಮರೆಯಬೇಡಿ. ನೀರಿನ ಮಟ್ಟದಲ್ಲಿ ಒಳಕ್ಕೆ ಕೊರೆದ ಗೀರು ಇರುತ್ತದೆ, ಕೆಲವು ಕಡೆ ಒಬ್ಬರು ಒಳಗೆ ನಿಲ್ಲುವಷ್ಟು. ಅಲೆ ಹೊಡೆದು ಆದದ್ದು ಎನ್ನುತ್ತಾರೆ. ಅಲೆಗಿಂತ ಅಲ್ಲಿ ಅಂಟಿಕೊಂಡಿರುವ ಜೀವಿಗಳ ಪಾಲು ದೊಡ್ಡದು. ಕಲ್ಲನ್ನು ಕೆರೆದು ಪಾಚಿ ತಿನ್ನುವ ಬಸವನಹುಳುಗಳು, ಕಲ್ಲನ್ನೇ ಕೊರೆದು ಮನೆ ಮಾಡುವ ಚಿಪ್ಪುಗಳು. ಕೆಲವು ಕಡೆ ಈಗಿನ ನೀರಿನ ಮಟ್ಟಕ್ಕಿಂತ ಮೇಲೆ ಇನ್ನೊಂದು ಹಳೆಯ ಗೀರು ಕಾಣುತ್ತದೆ. ಐದಾರು ಸಾವಿರ ವರ್ಷಗಳ ಹಿಂದೆ ಇಲ್ಲಿ ಸಮುದ್ರ ಈಗಿಗಿಂತ ಸ್ವಲ್ಪ ಮೇಲಿತ್ತು, ಅದರ ಗುರುತು. ದೋಣಿಯವರು ಇದನ್ನು ತೋರಿಸುವುದಿಲ್ಲ. ಕೋಳಿಯ ಆಕಾರದ ಬಂಡೆ, ಬೆರಳಿನ ಆಕಾರದ ಬಂಡೆ ಇಂಥವನ್ನು ತೋರಿಸುತ್ತಾರೆ. ಅದೂ ಮಜಾ, ಬೇಡ ಅನ್ನುವುದಿಲ್ಲ.

ಈಗ ರೈಲೇಗೆ ಬರೋಣ. ರೈಲೇ ದ್ವೀಪ ಅಲ್ಲ. ಮುಖ್ಯ ಭೂಮಿಗೇ ಅಂಟಿಕೊಂಡ ಭೂಶಿರ. ಆದರೆ ಹಿಂದೆ ಬಂಡೆಯ ಗೋಡೆ ಅಡ್ಡ ಇರುವುದರಿಂದ ರಸ್ತೆ ಇಲ್ಲ. ಆವ್ ನಾಂಗ್ ಎಂಬ ಬೀಚಿನ ಊರಿನಿಂದ ದೋಣಿಯಲ್ಲೇ ಹೋಗಬೇಕು, ಹದಿನೈದು ನಿಮಿಷದ ದಾರಿ. ದಡದಲ್ಲಿ ಟಿಕೆಟ್ ಕೌಂಟರ್ ಇದೆ. ಹಗಲಿನಲ್ಲಿ ತಲೆಗೆ 100 ಬಾತ್ ಆಸುಪಾಸು, ಕತ್ತಲಾದ ಮೇಲೆ ಜಾಸ್ತಿ. ಏಳೆಂಟು ಜನ ಸೇರುವವರೆಗೆ ದೋಣಿ ಬಿಡುವುದಿಲ್ಲ. ದೋಣಿಗೆ ಜೆಟ್ಟಿ ಇಲ್ಲದ ಕಡೆ ಮೊಣಕಾಲುದ್ದದ ನೀರಿನಲ್ಲಿ ನಡೆದು ಹತ್ತಬೇಕು. ಚಕ್ರದ ಸೂಟ್‌ಕೇಸ್ ತಂದವರು ಅದನ್ನು ತಲೆಯ ಮೇಲೆ ಹೊರುವ ದೃಶ್ಯ ಅಲ್ಲಿ ದಿನವೂ ಸಿಗುತ್ತದೆ. ಬೆನ್ನಿಗೆ ಹಾಕುವ ಚೀಲ ಸಾಕು.

ಆ ದೋಣಿಯನ್ನೂ ಸ್ವಲ್ಪ ನೋಡಿ. ಇಂಗ್ಲಿಷಿನಲ್ಲಿ ಲಾಂಗ್‌ಟೇಲ್ ಅನ್ನುತ್ತಾರೆ. ಹಿಂದೆ ಇರುವುದು ಕಾರು ಅಥವಾ ಟ್ರಕ್ಕಿನ ಎಂಜಿನ್. ಅದಕ್ಕೆ ಉದ್ದನೆಯ ಸರಳು, ಸರಳಿನ ತುದಿಗೆ ಪಂಕ. ಇಡೀ ಎಂಜಿನ್ನನ್ನೇ ಒಂದು ಗೂಟದ ಮೇಲೆ ತಿರುಗಿಸಿ ದಿಕ್ಕು ಬದಲಿಸುತ್ತಾರೆ. ನೀರು ಕಡಿಮೆ ಇದ್ದಾಗ ಪಂಕವನ್ನು ಹೊರಗೆ ಎತ್ತಿಬಿಡುತ್ತಾರೆ. ಈ ದಡಕ್ಕೆ ಹೇಳಿ ಮಾಡಿಸಿದ ಯಂತ್ರ. ಸದ್ದು ಮಾತ್ರ ಕಿವಿ ಒಡೆಯುವ ಹಾಗಿರುತ್ತದೆ. ಮೂತಿಗೆ ಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿರುತ್ತಾರೆ. ಅದು ದೋಣಿಯನ್ನು ಕಾಯುವ ಮೇ ಯಾ ನಾಂಗ್ ದೇವತೆಗೆ. ಫೋಟೊಗೆ ಚೆನ್ನಾಗಿದೆ ಎಂದು ಆ ಮೂತಿಯ ಮೇಲೆ ಕಾಲಿಟ್ಟು ಹತ್ತಬೇಡಿ. ಯಾರೂ ಬೈಯದಿರಬಹುದು, ಆದರೆ ದೋಣಿಯವರ ಮುಖ ನೋಡಿದರೆ ಗೊತ್ತಾಗುತ್ತದೆ.

ರೈಲೇಯಲ್ಲಿ ಪಶ್ಚಿಮದ ಬೀಚು, ಪೂರ್ವದ ಬೀಚು, ತುದಿಯಲ್ಲಿ ಫ್ರಾ ನಾಂಗ್, ಪಕ್ಕದಲ್ಲಿ ತೋನ್‌ಸಾಯ್. ಪೂರ್ವದ ಕಡೆ ಬೀಚು ಅನ್ನುವುದೇ ತಪ್ಪು. ಅದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕೆಸರು ದಡ. ಬುಕಿಂಗ್ ಸೈಟಿನಲ್ಲಿ ಕಡಲ ಎದುರಿನ ರೂಮು ಎಂದು ಬರೆದಿರುತ್ತದೆ, ಇಳಿತದ ಹೊತ್ತಿನಲ್ಲಿ ಎದುರಿಗೆ ಕೆಸರು ಇರುತ್ತದೆ. ಪಶ್ಚಿಮದ ಬೀಚಿಗೆ ಐದು ನಿಮಿಷ ನಡೆದರಾಯಿತು, ದೊಡ್ಡ ತೊಂದರೆ ಅಲ್ಲ. ಫ್ರಾ ನಾಂಗ್ ಬೀಚಿನ ಗುಹೆಯಲ್ಲಿ ಒಂದು ಪೂಜಾಸ್ಥಳ ಇದೆ. ಮೀನುಗಾರರು ಅಲ್ಲಿಯ ದೇವತೆಗೆ ಮರದಲ್ಲಿ ಕೆತ್ತಿದ ಲಿಂಗಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಸಣ್ಣವು, ದೊಡ್ಡವು, ಬಣ್ಣ ಬಳಿದವು, ರಾಶಿ ಬಿದ್ದಿವೆ. ಪ್ರವಾಸಿಗರು ಕಿಸಕ್ಕನೆ ನಕ್ಕು ಸೆಲ್ಫಿ ತೆಗೆಯುತ್ತಾರೆ. ಊರಿನವರು ಅಲ್ಲೇ ಪಕ್ಕದಲ್ಲಿ ಊದುಬತ್ತಿ ಹಚ್ಚಿ ಕೈ ಮುಗಿಯುತ್ತಾರೆ. ನಮಗೆ ಇದು ಅಷ್ಟು ಹೊಸದಾಗಿ ಕಾಣಬೇಕಾಗಿಲ್ಲ, ಅಲ್ವಾ?

ಬಂಡೆ ಹತ್ತುವುದು 1980ರ ದಶಕದ ಕೊನೆಯಲ್ಲಿ ಇಲ್ಲಿ ಶುರುವಾಯಿತು. ಈಗ ರೈಲೇ ಮತ್ತು ತೋನ್‌ಸಾಯ್‌ನಲ್ಲಿ ನೂರಾರು ಮಾರ್ಗಗಳಿವೆ. ಹೊಸಬರಿಗೆ ಹಗ್ಗ ಹಿಡಿದು ಕಲಿಸುವ ಶಾಲೆಗಳೂ ಇವೆ. ಅರ್ಧ ದಿನದ ಪಾಠ ತಗೊಳ್ಳಬಹುದು, ಮಕ್ಕಳೂ ಹತ್ತುತ್ತಾರೆ. ಇಲ್ಲಿಯ ಒಂದು ಸಂಗತಿ ನನಗೆ ಬಹಳ ಸ್ವಾರಸ್ಯವಾಗಿ ಕಂಡಿತು. ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಬೋಲ್ಟುಗಳು ಮೊದಲು ಸ್ಟೇನ್‌ಲೆಸ್ ಸ್ಟೀಲಿನವು. ಬೇರೆ ಕಡೆ ದಶಕಗಟ್ಟಲೆ ಬಾಳುವ ಸ್ಟೀಲು ಇಲ್ಲಿ ಕೆಲವೇ ವರ್ಷಗಳಲ್ಲಿ ಒಳಗಿಂದೊಳಗೆ ಬಿರುಕು ಬಿಡುತ್ತಿತ್ತು. ಹೊರಗೆ ಹೊಳೆಯುತ್ತಲೇ ಇರುತ್ತದೆ, ಭಾರ ಬಿದ್ದಾಗ ಪಟಕ್ಕನೆ ಮುರಿಯುತ್ತದೆ. ಕಡಲಿನ ಉಪ್ಪು, ಸೆಕೆ, ಬಂಡೆಯೊಳಗಿಂದ ಒಸರುವ ಖನಿಜದ ನೀರು, ಎಲ್ಲ ಸೇರಿ ಮಾಡಿದ ಕೆಲಸ. ಈಗ ಟೈಟಾನಿಯಂ ಬೋಲ್ಟುಗಳನ್ನು ಅಂಟು ಹಾಕಿ ಕೂರಿಸುತ್ತಾರೆ. ದುಬಾರಿ, ಆದರೆ ಬೇರೆ ದಾರಿ ಇಲ್ಲ. ಹಾಗಾಗಿ ಅಲ್ಲಿ ಹತ್ತುವುದಾದರೆ ಯಾವ ಮಾರ್ಗಕ್ಕೆ ಟೈಟಾನಿಯಂ ಹಾಕಿದ್ದಾರೆ ಎಂದು ಕೇಳಿಯೇ ಹತ್ತಿ. ನಾಚಿಕೆ ಬೇಡ, ಎಲ್ಲರೂ ಕೇಳುತ್ತಾರೆ.

ಕ್ರಾಬಿಗೆ ಹೋಗುವವರು ಹವಾಮಾನ ನೋಡುತ್ತಾರೆ, ಹೋಟೆಲ್ ರೇಟ್ ನೋಡುತ್ತಾರೆ. ಉಬ್ಬರ ಇಳಿತದ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ನನ್ನ ಪ್ರಕಾರ ಅದೇ ಮೊದಲು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡೂವರೆ ಮೀಟರಿನಷ್ಟು, ಒಮ್ಮೊಮ್ಮೆ ಇನ್ನೂ ಜಾಸ್ತಿ ವ್ಯತ್ಯಾಸ ಇರುತ್ತದೆ. ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಈಜಿದ ಜಾಗದಲ್ಲಿ ಮಧ್ಯಾಹ್ನ ನಡೆದು ಹೋಗಬಹುದು. ಥಲೇ ವೇಕ್ ಎಂಬ ಜಾಗಕ್ಕೆ ಜನ ಮುಗಿಬಿದ್ದು ಹೋಗುವುದೂ ಇದಕ್ಕೇ. ಕೊ ತಪ್, ಕೊ ಮೋರ್, ಕೋಳಿ ದ್ವೀಪ ಎಂದು ಕರೆಯುವ ಕೊ ಕಾಯ್, ಈ ಮೂರರ ನಡುವೆ ಇಳಿತದ ಹೊತ್ತಿಗೆ ಮರಳಿನ ದಾರಿ ಮೇಲೆ ಬರುತ್ತದೆ. ಎರಡೂ ಕಡೆ ಕಡಲು, ನಡುವೆ ನೀವು. ಉಬ್ಬರದಲ್ಲಿ ಹೋದರೆ ಬರೀ ನೀರು. ಅಷ್ಟಮಿ, ನವಮಿಯ ಹೊತ್ತಿಗೆ ಹೋದರೆ ನೀರು ಪೂರ್ತಿ ಇಳಿಯುವುದಿಲ್ಲ, ದಾರಿ ಅರೆಬರೆ ಕಾಣುತ್ತದೆ. ಟೂರ್ ಮಾರುವವರು ಎಲ್ಲ ದಿನವೂ ಮಾರುತ್ತಾರೆ. ನೀವು ಪಂಚಾಂಗ ನೋಡಿ ಹೋಗಿ.

ಇನ್ನು ಮರಳು. ಅಲ್ಲಿಯ ಬಿಳಿ ಮರಳನ್ನು ಅಂಗೈಯಲ್ಲಿ ಹಿಡಿದು ಹತ್ತಿರದಿಂದ ನೋಡಿದರೆ ಚಿಪ್ಪಿನ ಚೂರು, ಹವಳದ ಚೂರು ಗುರುತು ಸಿಗುತ್ತವೆ. ಇದರಲ್ಲಿ ಒಂದು ಪಾಲು ಗಿಳಿಮೀನಿನ ಕೊಡುಗೆ. ಇದಕ್ಕೆ ಗಿಳಿಯ ಕೊಕ್ಕಿನಂಥ ಹಲ್ಲು. ಹವಳದ ಕಲ್ಲನ್ನು ಕಚ್ಚಿ, ಅದರ ಮೇಲಿನ ಮತ್ತು ಒಳಗಿನ ಪಾಚಿಯನ್ನು ತಿಂದು, ಉಳಿದ ಸುಣ್ಣವನ್ನು ಪುಡಿ ಮಾಡಿ ಹಿಂದಿನಿಂದ ಬಿಡುತ್ತದೆ. ದೊಡ್ಡ ಜಾತಿಯ ಒಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ನೀರಿನಲ್ಲಿ ಮುಖ ಮುಳುಗಿಸಿ ಸುಮ್ನೆ ತೇಲುತ್ತಿದ್ದರೆ ಕಟಕಟ ಎಂದು ಅದು ಕಚ್ಚುವ ಸದ್ದೂ ಕೇಳುತ್ತದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹವಳ ನೋಡಬೇಕು ಎಂದು ಆವ್ ನಾಂಗ್ ಅಥವಾ ರೈಲೇಯ ದಡದಲ್ಲಿ ಸ್ನಾರ್ಕೆಲ್ ಹಾಕಿಕೊಂಡು ಇಳಿದರೆ ನಿರಾಸೆಯಾಗುತ್ತದೆ. ಹೊಳೆ ತರುವ ಮಣ್ಣು, ಕಾಂಡ್ಲಾ ಕಾಡಿನ ಕೆಸರು, ಜೊತೆಗೆ ದಿನಕ್ಕೆ ನಾಲ್ಕು ಸಲ ನೀರಿನ ಓಡಾಟ. ನೀರು ಹಸಿರಾಗಿ ಚೆಂದ ಕಾಣುತ್ತದೆ, ಆದರೆ ಒಳಗೆ ಮಂಜು. ಹವಳಕ್ಕೆ ಬೆಳಕು ಬೇಕು. ದಡದಿಂದ ದೂರ ಹೋದಷ್ಟೂ ನೀರು ತಿಳಿಯಾಗುತ್ತದೆ. ಫೀ ಫೀ ದ್ವೀಪಗಳು, ದಕ್ಷಿಣದ ಕಡೆ ಕೊ ಲಾಂಟಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಕೊ ರೋಕ್ ಮತ್ತು ಕೊ ಹಾ, ಇವು ಕ್ರಾಬಿಯವರ ಹವಳದ ಜಾಗಗಳು. ಸಿಮಿಲಾನ್, ಸುರಿನ್ ದ್ವೀಪಗಳು ಇನ್ನೂ ಚೆನ್ನ, ಆದರೆ ಅವು ಉತ್ತರದಲ್ಲಿ, ಬೇರೆ ಪ್ರಯಾಣ.

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಕೂಡಿ ಕಟ್ಟಿಕೊಂಡ ಮನೆ. ಆ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸ ಮಾಡುತ್ತದೆ. ಪಾಚಿ ಬಿಸಿಲಿನಿಂದ ಊಟ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳ ಅದಕ್ಕೆ ಜಾಗ ಕೊಡುತ್ತದೆ. ಬಣ್ಣವೂ ಬಹುಪಾಲು ಪಾಚಿಯದೇ. ನೀರು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಇದ್ದರೆ ಈ ಸಂಸಾರ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ, ಬೆಳ್ಳಗಾಗುತ್ತದೆ. ಬೆಳ್ಳಗಾದ ತಕ್ಷಣ ಸತ್ತಿತು ಎಂದಲ್ಲ. ನೀರು ಬೇಗ ತಣಿದರೆ ಪಾಚಿ ಮರಳುತ್ತದೆ. ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 2010ರಲ್ಲಿ ಅಂಡಮಾನ್ ಸಮುದ್ರದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಆಯಿತು. ಥಾಯ್ಲೆಂಡ್ ಹಲವು ಡೈವಿಂಗ್ ಜಾಗಗಳನ್ನು ಮುಚ್ಚಬೇಕಾಯಿತು. 2024ರಲ್ಲಿ ಜಗತ್ತಿನ ತುಂಬಾ ಮತ್ತೆ ಬಿಳಿಚಿಕೊಂಡಾಗ ಥಾಯ್ ಕಡಲೂ ತಪ್ಪಿಸಿಕೊಳ್ಳಲಿಲ್ಲ. ಕೊಂಬೆಯಂತೆ ಬೆಳೆಯುವ ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಬೆಳೆದು ಬೇಗ ಚೇತರಿಸಿಕೊಳ್ಳುತ್ತದೆ. ಗುಂಡಗೆ ಬಂಡೆಯಂತಿರುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರು ಅಷ್ಟೇ. ನಿಮ್ಮ ಎತ್ತರದ ಒಂದು ಗುಂಡು ಹವಳ ಕಂಡರೆ ಅದಕ್ಕೆ ನಿಮ್ಮ ಅಜ್ಜನ ಅಜ್ಜನಿಗಿಂತ ಹೆಚ್ಚು ವಯಸ್ಸು.

ಫೀ ಫೀಯ ಮಾತು ಬಂದರೆ ಮಾಯಾ ಬೇ ಬಿಡುವ ಹಾಗಿಲ್ಲ. ಫೀ ಫೀ ಲೇ ಎಂಬ ಜನವಸತಿ ಇಲ್ಲದ ದ್ವೀಪದಲ್ಲಿ, ಮೂರು ಕಡೆ ಬಂಡೆಯ ಗೋಡೆ ಇರುವ ಸಣ್ಣ ಕೊಲ್ಲಿ ಅದು. 1999ರಲ್ಲಿ ಲಿಯೊನಾರ್ಡೊ ಡಿಕ್ಯಾಪ್ರಿಯೊ ಇದ್ದ ಹಾಲಿವುಡ್ ಸಿನಿಮಾಕ್ಕೆ ಅಲ್ಲಿ ಚಿತ್ರೀಕರಣ ಆಯಿತು. ಬೀಚು ಇನ್ನೂ ಬೀಚಿನಂತೆ ಕಾಣಲಿ ಎಂದು ಮರಳ ದಿಬ್ಬಗಳನ್ನು ತಟ್ಟಿ, ಗಿಡ ಕಿತ್ತು, ತೆಂಗಿನ ಮರ ತಂದು ನೆಟ್ಟರು. ಊರಿನವರು ಕೋರ್ಟಿಗೆ ಹೋದರು. ಆ ಕೇಸು ಎರಡು ದಶಕಕ್ಕೂ ಹೆಚ್ಚು ನಡೆದು 2022ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಆದರೆ ಸಿನಿಮಾದವರು ಮಾಡಿದ್ದಕ್ಕಿಂತ ಸಿನಿಮಾ ನೋಡಿದವರು ಮಾಡಿದ್ದು ಜಾಸ್ತಿ. ದಿನಕ್ಕೆ 5,000 ಜನ, 200 ದೋಣಿ ಬರುವಷ್ಟು ಆಯಿತು. ಅಲ್ಲಿಯ ಬೀಚಿನ ಉದ್ದ ಇನ್ನೂರೈವತ್ತು ಮೀಟರ್ ಅಷ್ಟೇ. ಸ್ಪೀಡ್‌ಬೋಟುಗಳು ಲಂಗರು ಹಾಕಿದ ಕಡೆ ಹವಳ ಮುರಿಯಿತು. ಪಂಕ ಎಬ್ಬಿಸಿದ ಮರಳು ಉಳಿದದ್ದರ ಮೇಲೆ ಕೂತಿತು.

2018ರ ಜೂನ್‌ನಲ್ಲಿ ಬಾಗಿಲು ಹಾಕಿದರು. ಮೊದಲು ಹೇಳಿದ್ದು ನಾಲ್ಕು ತಿಂಗಳು. ನಾಲ್ಕು ತಿಂಗಳಲ್ಲಿ ಹವಳ ಎಷ್ಟು ಬೆಳೆಯುತ್ತದೆ ಎಂದು ಈಗ ನೀವೇ ಲೆಕ್ಕ ಹಾಕಬಹುದು. ಮುಚ್ಚಿದ್ದನ್ನು ಮುಂದುವರಿಸುತ್ತಾ ಹೋದರು. ಥೋನ್ ಥಮ್ರೋಂಗ್ನಾವಾಸವತ್ ಎಂಬ ಕಡಲ ವಿಜ್ಞಾನಿ ಮತ್ತು ಉದ್ಯಾನದ ಸಿಬ್ಬಂದಿ ಇದಕ್ಕಾಗಿ ಪಟ್ಟು ಹಿಡಿದರು. ಮುರಿದ ಹವಳದ ತುಂಡುಗಳನ್ನು ತಂದು ಕೈಯಿಂದ ನೆಟ್ಟರು, ಸಾವಿರಾರು ತುಂಡು. ಟೂರ್ ವ್ಯಾಪಾರಿಗಳು ಹೊಟ್ಟೆಪಾಡಿನ ಮಾತೆತ್ತಿದರು, ಅದೂ ಸುಳ್ಳಲ್ಲ. ನಂತರ ಕೊರೊನಾ ಬಂತು, ಪ್ರವಾಸಿಗರೇ ಇಲ್ಲ. ಕೊನೆಗೆ 2022ರ ಜನವರಿಯಲ್ಲಿ ತೆರೆದರು. ಈ ನಡುವೆ ಕಪ್ಪು ತುದಿಯ ರೆಕ್ಕೆಯ ಸಣ್ಣ ಶಾರ್ಕುಗಳು ಕೊಲ್ಲಿಗೆ ವಾಪಸ್ ಬಂದಿದ್ದವು. ಇವು ಮನುಷ್ಯರ ತಂಟೆಗೆ ಬರುವಂಥವಲ್ಲ. ಮರಿಗಳು ಮೊಣಕಾಲುದ್ದದ ನೀರಿನಲ್ಲಿ ಓಡಾಡುತ್ತವೆ, ದಡದಿಂದಲೇ ಕಾಣುತ್ತವೆ.

ಈಗಿನ ನಿಯಮ ಹೀಗಿದೆ. ಮಾಯಾ ಬೇ ಒಳಗೆ ದೋಣಿ ಹೋಗುವಂತಿಲ್ಲ. ದ್ವೀಪದ ಹಿಂಬದಿಯ ಲೋ ಸಮಾ ಕೊಲ್ಲಿಯ ತೇಲುವ ಜೆಟ್ಟಿಯಲ್ಲಿ ಇಳಿದು ಮರದ ಹಲಗೆಯ ದಾರಿಯಲ್ಲಿ ನಡೆದು ಬರಬೇಕು. ಒಂದು ಸುತ್ತಿಗೆ ಇಷ್ಟೇ ಜನ, ಇಷ್ಟೇ ಹೊತ್ತು ಎಂದು ಮಿತಿ. ಈಜು ಇಲ್ಲ. ಪ್ರತಿ ವರ್ಷ ಆಗಸ್ಟ್ ಮತ್ತು ಸೆಪ್ಟೆಂಬರ್ ಎರಡು ತಿಂಗಳು ಪೂರ್ತಿ ಬಂದ್. ವಿದೇಶಿ ವಯಸ್ಕರಿಗೆ ಉದ್ಯಾನದ ಶುಲ್ಕ 400 ಬಾತ್, ಟೂರಿನ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಇಷ್ಟೆಲ್ಲ ಆದ ಮೇಲೆ ಹೋಗಬೇಕಾ? ಹೋಗಬಹುದು, ಬೆಳಗಿನ ಮೊದಲ ಸುತ್ತಿಗೆ ಆದರೆ. ಮಧ್ಯಾಹ್ನ ಆದರೆ ನೀವು ನೋಡುವುದು ಮುಖ್ಯವಾಗಿ ಸೆಲ್ಫಿ ತೆಗೆಯುವವರನ್ನು.

ಅದೇ ದ್ವೀಪದಲ್ಲಿ ವೈಕಿಂಗ್ ಗುಹೆ ಎಂಬುದಿದೆ, ದೋಣಿಯಿಂದಲೇ ನೋಡಬೇಕು. ಒಳಗೆ ಬಿದಿರಿನ ಅಟ್ಟಣಿಗೆಗಳು ಕತ್ತಲೆಯವರೆಗೆ ಏರಿ ಹೋಗಿರುತ್ತವೆ. ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದ ಗೂಡು ಕಟ್ಟುತ್ತದೆ. ಚೀನೀಯರ ಅಡುಗೆಯಲ್ಲಿ ಆ ಗೂಡಿಗೆ ಬೆಳ್ಳಿಗೆ ಸಮನಾದ ಬೆಲೆ. ಅದನ್ನು ಕೀಳಲು ಜನ ಆ ಬಿದಿರನ್ನು ಹತ್ತುತ್ತಾರೆ. ರೈಲೇಯಲ್ಲಿ ಟೈಟಾನಿಯಂ, ಇಲ್ಲಿ ಬಿದಿರು.

ಸನ್‌ಸ್ಕ್ರೀನ್ ವಿಷಯ ಮರೆಯುವ ಮೊದಲು ಹೇಳುತ್ತೇನೆ. 2021ರಿಂದ ಥಾಯ್ಲೆಂಡಿನ ಕಡಲ ಉದ್ಯಾನಗಳಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಮುಂತಾದ ನಾಲ್ಕು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ನಿಷೇಧ. ದಂಡ ಒಂದು ಲಕ್ಷ ಬಾತ್‌ವರೆಗೆ. ಟ್ಯೂಬಿನ ಹಿಂದೆ ಓದಿ ಕೊಳ್ಳಿ. ಇನ್ನೂ ಸುಲಭ ಎಂದರೆ ಪೂರ್ತಿ ತೋಳಿನ ಈಜುಡುಗೆ. ಸ್ನಾರ್ಕೆಲಿಂಗ್ ಮಾಡುವಾಗ ಸುಡುವುದು ಬೆನ್ನು, ಅದಕ್ಕೆ ಕ್ರೀಮಿಗಿಂತ ಬಟ್ಟೆ ವಾಸಿ. ಹವಳದ ಮೇಲೆ ನಿಲ್ಲಬೇಡಿ, ಬ್ರೆಡ್ಡು ಹಾಕಿ ಮೀನು ಕರೆಯಬೇಡಿ, ಹವಳ ಎತ್ತಿಕೊಂಡು ಬರಬೇಡಿ. ಇವು ಬರೀ ಸಭ್ಯತೆಯ ಮಾತಲ್ಲ, ಅಲ್ಲಿಯ ಕಾನೂನು.

ಹವಾಮಾನ ಹೆಚ್ಚು ಹೇಳುವಂಥದ್ದಲ್ಲ. ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಮೇಯಿಂದ ಅಕ್ಟೋಬರ್ ನೈಋತ್ಯ ಮಾರುತದ ಮಳೆ. ಮಳೆಗಿಂತ ಮುಖ್ಯ ಅಲೆ. ದೋಣಿ ನಿಲ್ಲುತ್ತದೆ, ನೀರು ಕದಡುತ್ತದೆ, ಬೀಚಿನಲ್ಲಿ ಕೆಂಪು ಬಾವುಟ ಹಾರುತ್ತದೆ. ಕೆಂಪು ಬಾವುಟ ಇದ್ದರೆ ಪಾದ ಮಾತ್ರ ತೋಯಿಸಿಕೊಳ್ಳಿ. ಕೊ ಲಾಂಟಾ, ಸಿಮಿಲಾನ್, ಸುರಿನ್ ಉದ್ಯಾನಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿರುತ್ತವೆ.

ಫೀ ಫೀ ಡೋನ್ ಬಗ್ಗೆ ಒಂದು ಮಾತು. ಜನ ಇರುವ ದ್ವೀಪ ಅದೇ. ಎರಡು ಬಂಡೆ ಗುಡ್ಡ, ನಡುವೆ ಅವನ್ನು ಜೋಡಿಸಿದ ಮರಳಿನ ಸಪೂರ ಪಟ್ಟಿ. ಅಂಗಡಿ, ಹೋಟೆಲು, ಜೆಟ್ಟಿ ಎಲ್ಲ ಆ ಪಟ್ಟಿಯ ಮೇಲೆ. ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಮೇಲೆ. 2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾ ಬಳಿಯ ಭೂಕಂಪದಿಂದ ಎದ್ದ ಸುನಾಮಿ ಎರಡೂ ಕಡೆಯ ಕೊಲ್ಲಿಗಳಿಂದ ಒಳನುಗ್ಗಿತು. ಓಡಲು ಜಾಗವೇ ಇರಲಿಲ್ಲ, ಗುಡ್ಡ ಹತ್ತಿದವರು ಉಳಿದರು. ಥಾಯ್ಲೆಂಡಿನಲ್ಲಿ ಅಂದು ಸತ್ತವರು, ಕಾಣೆಯಾದವರು ಸೇರಿ 8,000ಕ್ಕೂ ಹೆಚ್ಚು. ಅದೇ ಪಟ್ಟಿಯ ಮೇಲೆ ಈಗ ಮತ್ತೆ ಊರು ಕಟ್ಟಿದ್ದಾರೆ. ಗೋಡೆಗಳ ಮೇಲೆ ಎತ್ತರಕ್ಕೆ ಓಡುವ ದಾರಿಯ ನೀಲಿ ಫಲಕಗಳಿವೆ. ರೂಮಿಗೆ ಚೀಲ ಇಟ್ಟ ಮೇಲೆ ಆ ದಾರಿಯಲ್ಲಿ ಒಮ್ಮೆ ಮೇಲೆ ನಡೆದು ಬನ್ನಿ. ಗೊತ್ತಿರುವುದು ಒಳ್ಳೆಯದು, ಜೊತೆಗೆ ಆ ದ್ವೀಪದ ಅತ್ಯುತ್ತಮ ನೋಟ ಸಿಗುವುದೂ ಅಲ್ಲಿಂದಲೇ. ನೀರು ಏಕಾಏಕಿ ದೂರಕ್ಕೆ ಸರಿದರೆ ನೋಡುತ್ತಾ ನಿಲ್ಲಬೇಡಿ. ಅಂದು ಹಲವು ಕಡೆ ಜನ ಬರಿದಾದ ತಳ ನೋಡಲು ಇಳಿದಿದ್ದರು. ಸುರಿನ್ ದ್ವೀಪಗಳ ಮೋಕೆನ್ ಕಡಲ ಜನರಿಗೆ ಹಿರಿಯರು ಹೇಳಿದ ಕಥೆ ನೆನಪಿತ್ತು, ಅವರು ತಕ್ಷಣ ಗುಡ್ಡ ಹತ್ತಿದರು.

ಇನ್ನು ನಿಮ್ಮ ಪ್ರಶ್ನೆಗಳು.

ಈಜು ಬಾರದವರು ಹವಳ ನೋಡಬಹುದಾ ಎಂದು ಒಬ್ಬರು ಕೇಳಿದರು. ಖಂಡಿತ. ಲೈಫ್ ಜಾಕೆಟ್ ಹಾಕಿಕೊಂಡು ದೋಣಿಯ ಹಗ್ಗ ಹಿಡಿದು ಮುಖ ಮುಳುಗಿಸಿದರೆ ಸಾಕು. ಆದರೆ ಮೊದಲ ಸಲ ಬಾಯಿಂದ ಉಸಿರಾಡುವುದನ್ನು ಕಡಲಿನಲ್ಲಿ ಕಲಿಯಬೇಡಿ, ಹೋಟೆಲಿನ ಈಜುಕೊಳದಲ್ಲಿ ಅಭ್ಯಾಸ ಮಾಡಿಕೊಳ್ಳಿ. ಜಾಕೆಟ್ ಹಾಕಿದವರಿಗೆ ಇನ್ನೊಂದು ಅನುಕೂಲ, ಕಾಲು ಹವಳಕ್ಕೆ ತಾಗುವುದಿಲ್ಲ.

ಸಸ್ಯಾಹಾರದ ಬಗ್ಗೆ ಕೇಳಿದವರಿಗೆ: ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಅಂಗಡಿ ಹುಡುಕಿ. ಅದನ್ನು ಜೇ ಎನ್ನುತ್ತಾರೆ. ಮೊಟ್ಟೆ, ಮೀನಿನ ಸಾಸ್ ಕೂಡ ಇರುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಮಾಮೂಲಿ ಹೋಟೆಲಿನಲ್ಲಿ ತರಕಾರಿ ಎಂದು ಕೇಳಿದರೆ ತರಕಾರಿ ಬರುತ್ತದೆ, ಮೀನಿನ ಸಾಸ್ ಜೊತೆಗೆ.

ಕಾಗದಪತ್ರ: 2025ರ ಮೇ 1ರಿಂದ ಥಾಯ್ಲೆಂಡಿಗೆ ಹೋಗುವ ಎಲ್ಲ ವಿದೇಶಿಯರೂ ಆಗಮನದ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಬೇಕು, ತಲುಪುವ ದಿನಕ್ಕೆ ಮೂರು ದಿನ ಮುಂಚೆಯಿಂದ ತುಂಬಬಹುದು. ಅದು ಉಚಿತ. ದುಡ್ಡು ಕೇಳುವ ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ವಾರ ರಾಯಭಾರ ಕಚೇರಿಯ ಸೈಟ್ ನೋಡಿ.

ಕೋತಿಗಳ ಬಗ್ಗೆಯೂ ಒಬ್ಬರು ಕೇಳಿದರು. ಫ್ರಾ ನಾಂಗ್ ದಾರಿಯಲ್ಲಿ ಉದ್ದ ಬಾಲದ ಕೋತಿಗಳಿವೆ, ಚಿಪ್ಸ್ ಪ್ಯಾಕೆಟ್ಟಿನ ಸದ್ದು ಅವಕ್ಕೆ ಚೆನ್ನಾಗಿ ಗೊತ್ತು. ಇದೇ ಜಾತಿಯ ಕೋತಿಗಳು ಅಂಡಮಾನ್ ದಡದ ಕೆಲವು ದ್ವೀಪಗಳಲ್ಲಿ ಕಲ್ಲು ಹಿಡಿದು ಚಿಪ್ಪು ಒಡೆದು ತಿನ್ನುತ್ತವೆ. ಅಷ್ಟು ಬುದ್ಧಿ ಇರುವವಕ್ಕೆ ಚೀಲದ ಜಿಪ್ ಏನು ಮಹಾ.

ಒಂದೇ ದಿನ ಇದ್ದರೆ ಏನು ಮಾಡಬೇಕು ಎನ್ನುವುದು ಕೊನೆಯ ಪ್ರಶ್ನೆ. ಫೀ ಫೀ ಬಿಟ್ಟುಬಿಡಿ. ಹೋಗಿಬರುವುದರಲ್ಲೇ ಮೂರ್ನಾಲ್ಕು ಗಂಟೆ ಹೋಗುತ್ತದೆ. ಬೆಳಿಗ್ಗೆ ಮೊದಲ ದೋಣಿಗೆ ರೈಲೇಗೆ ಹೋಗಿ. ಉಬ್ಬರ ಇದ್ದರೆ ಪಶ್ಚಿಮದ ಬೀಚಿನಲ್ಲಿ ಈಜಿ, ಇಳಿತ ಇದ್ದರೆ ಫ್ರಾ ನಾಂಗ್‌ನ ಎದುರಿನ ಪುಟ್ಟ ಬಂಡೆದ್ವೀಪದ ಕಡೆಗೆ ಮರಳಿನ ಮೇಲೆ ನಡೆದು ಬುಡದ ಗೀರನ್ನು ಹತ್ತಿರದಿಂದ ನೋಡಿ. ಬಿಸಿಲು ಏರಿದ ಮೇಲೆ ಬಂಡೆಯ ನೆರಳಿನಲ್ಲಿ ಕೂತು ಹತ್ತುವವರನ್ನು ನೋಡುತ್ತಿರಿ. ವಾಪಸ್ ಬರುವ ದೋಣಿಯನ್ನು ಸಂಜೆ ಆರರ ಒಳಗೆ ಹಿಡಿಯಿರಿ. ಆಮೇಲೆ ಜನ ಸೇರುವುದಿಲ್ಲ, ಇಡೀ ದೋಣಿಯ ದುಡ್ಡು ನೀವೊಬ್ಬರೇ ಕೊಡಬೇಕಾಗುತ್ತದೆ.